ಗೋಣಿಚೀಲದ ಮೇಲಿನ ಚಪ್ಪಲಿ

ಕಮಲಾಪುರದ ಮಲ್ಕಮ್ಮ ಖೂಬಾ ಪ್ಲಾಟಿನ ಶಂಕ್ರಮ್ಮಕ್ಕನ ಮನೆಗೆ ಬಂದಾಗ ಕೂರಲು ಒಪ್ಪಲಿಲ್ಲ. ಗೋಡೆಗೆ ಆತು ನಿಂತೇ ಮಾತಾಡಿದಳು.

"ನನ್ನ ಮಗಳು ಜೀವಾ ತಾನೇ ತಕ್ಕೊಂಡಾಳಂತ ಊರೆಲ್ಲಾ ಮಾತಾಡ್ಲಾಕತ್ತದರೀ. ಖರೇನೋ ಸುಳ್ಳೋ, ಅಷ್ಟು ಹೇಳ್ರಿ ನನಗ. ಸತ್ತಾಕಿ ತಿರುಗಿ ಬರಂಗಿಲ್ಲ, ಗೊತ್ತದ."

ಅವಳು ಕೇಳಿದ್ದು ಶಂಕ್ರಮ್ಮಕ್ಕನನ್ನು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಅಕ್ಕ, ಸುಳ್ಳುಸಾಕ್ಷಿ ಕೇಳಿ ಕೇಳಿ ಪಳಗಿದವರು. ನಾನು ಜಹಾಂಗೀರ್. ಸ್ಟೇಶನ್ ಬಜಾರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಎಲ್ಲರ ಕೈಗೂ ಮೊಬೈಲ್ ಬಂತು, ನನ್ನ ಅಂಗಡಿ ಮುಚ್ಚಿತು. ಈಗ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಓಡಾಡುವುದು, ಅವರು ಸಿಟ್ಟಾಗಬೇಕಾದಲ್ಲೆಲ್ಲ ಅವರ ಬದಲು ನಾನು ಸಿಟ್ಟಾಗುವುದು, ಇವೇ ನನ್ನ ಕೆಲಸ.

ಮಲ್ಕಮ್ಮನ ಮಗಳು ರಾಧಿಕಾ ಬಿ.ಎಸ್ಸಿ. ಮುಗಿಸಿ, ಶರಣಸಿರಸಗಿ ಹತ್ತಿರದ ಒಂದು ದಾಲ್ ಮಿಲ್ಲಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ತೊಗರಿಯ ಗುಣಮಟ್ಟ ನೋಡುವ ಕೆಲಸ. ಹೆಸರಿಗೆ ಇಂಟರ್ನ್‌ಶಿಪ್ಪು, ಪಗಾರವಿಲ್ಲ. ಚೆನ್ನಾಗಿ ಮಾಡಿದರೆ ಕಾಯಂ ಮಾಡುತ್ತೇವೆ ಎಂಬ ಬಾಯಿಮಾತು ಮಾತ್ರ ಇತ್ತು. ಅದೇ ಆಸೆಗೆ ಬಿಟ್ಟಿ ದುಡಿಯುತ್ತಿದ್ದ ಇನ್ನೊಬ್ಬ ಶಿವಲಿಂಗ, ಪೇಟೆಯ ಹುಡುಗ. ನುಸಿಗೆ ವಿಷದ ಮಾತ್ರೆ ಇಟ್ಟು, ಅದರ ಗಾಳಿ ಹೊರಹೋಗದಂತೆ ಬಾಗಿಲ ಸಂದಿಗೆಲ್ಲ ಮಣ್ಣು ಮೆತ್ತಿದ್ದ ಗೋದಾಮಿನೊಳಗೆ ರಾಧಿಕಾಳ ಹೆಣ ಸಿಕ್ಕಿತ್ತು.

ಗೋದಾಮು ಮುಚ್ಚಿದ ದಿನ ಬೆಳಿಗ್ಗೆ ಅವಳು ತಾಯಿಗೆ ಫೋನು ಮಾಡಿ, "ಸಂಜಿಗಿ ಬಂದು ಒಂದು ಮಾತು ಹೇಳ್ತೀನಿ, ಈಗ ಕೇಳಬ್ಯಾಡ" ಅಂದಿದ್ದಳಂತೆ. ಆ ಮಾತನ್ನೇ ಜನ ಕೊನೆಯ ಮಾತು ಮಾಡಿಬಿಟ್ಟಿದ್ದರು. ಕೆಲಸ ಸಿಗಲಿಲ್ಲ, ಸತ್ತಳು ಎಂದು ತೀರ್ಪನ್ನೂ ಕೊಟ್ಟಿದ್ದರು. ಆಡುವವರ ಬಾಯಿಗೆ ಬೀಗ ಉಂಟೇ?

ಮರುದಿನ ನಾವು ಮಿಲ್ಲಿಗೆ ಹೋದೆವು. ಮಾಲೀಕ ಅಣವೀರಪ್ಪ ಮೊದಲೇ ಕೈ ತೊಳೆದುಕೊಂಡ. ಆ ಮಧ್ಯಾಹ್ನ ತಾನು ಹುಮನಾಬಾದಿನ ಮದುವೆಯಲ್ಲಿದ್ದೆ, ನೌಕರಿ ಯಾವುದೂ ಖಾಲಿ ಇಲ್ಲ, ಹುಡುಗರು ಕಲಿಯಲು ಬರುತ್ತಿದ್ದರು ಅಷ್ಟೆ ಎಂದ. ಬಿಟ್ಟಿ ದುಡಿಸಿಕೊಂಡದ್ದಕ್ಕೆ ಎಂಥ ಚೆಂದದ ಹೆಸರು! ನನಗೆ ಮೈ ಉರಿಯಿತು. ಅಕ್ಕ ಕಣ್ಣಿನಲ್ಲೇ ಸುಮ್ಮನಿರಿಸಿದರು.

ಕಾಳು ಪರೀಕ್ಷಿಸುವ ಕೋಣೆಯನ್ನು ತೋರಿಸಿದವನು ಸಿದ್ದಣ್ಣ, ಆ ಕೆಲಸದಲ್ಲೇ ತಲೆ ನೆರೆತ ಮನುಷ್ಯ. ಕೋಣೆಯಲ್ಲಿ ಒಂದು ಮೇಜು, ಒಂದೇ ಕುರ್ಚಿ, ತೇವ ಅಳೆಯುವ ಹೊಸ ಯಂತ್ರ. ಯಂತ್ರ ನಡೆಸಲು ರಾಧಿಕಾಳಿಗೆ ಬರುತ್ತಿತ್ತು, ತನಗೆ ಬಾರದು ಎಂದು ಅವನೇ ಹೇಳಿದ. ಕುರ್ಚಿ ಅವನದು, ಹುಡುಗರಿಬ್ಬರೂ ನಿಂತೇ ಕೆಲಸ ಮಾಡುತ್ತಿದ್ದರು.

ಗೋದಾಮಿನಲ್ಲಿ ಬಾಗಿಲಿನಿಂದಲೇ ತೊಗರಿಯ ರಾಶಿ, ಅದರಾಚೆ ಒಂದರ ಮೇಲೊಂದು ಪೇರಿಸಿದ ಚೀಲಗಳ ಥಪ್ಪಿ. ಕಾಳೆಂದರೆ ಲಕ್ಷ್ಮಿ, ಒಳಗೆ ಹೋಗುವವರು ಚಪ್ಪಲಿಯನ್ನು ಬಾಗಿಲಾಚೆ ಬಿಡಬೇಕು. ಬಾಗಿಲು ಹಾಕುವವರು ಹೊರಗೆ ಚಪ್ಪಲಿ ಇದೆಯೇ ಎಂದು ನೋಡುತ್ತಾರೆ. ಯಂತ್ರಗಳ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ, ಹಾಗಾಗಿ ಚಪ್ಪಲಿಯೇ ಅಲ್ಲಿ ಹಾಜರಿ. ಆ ದಿನ ಹೊರಗೆ ಚಪ್ಪಲಿ ಇರಲಿಲ್ಲ, ಅದಕ್ಕೇ ಮಾತ್ರೆ ಇಟ್ಟು ಬಾಗಿಲು ಹಾಕಿದೆ ಎಂದು ಸಿದ್ದಣ್ಣ ಹೇಳಿಕೆ ಕೊಟ್ಟಿದ್ದ. ಚಪ್ಪಲಿ ಒಳಗೇ ಸಿಕ್ಕಿದ್ದವು. ಅವಳೇ ಬಚ್ಚಿಟ್ಟುಕೊಂಡು ಸತ್ತಿದ್ದಾಳೆ ಎಂದು ಪೊಲೀಸರು ನಂಬಿದ್ದು ಅದರಿಂದಲೇ.

ಶಿವಲಿಂಗ ಮಾತಾಡುತ್ತಾ ಬೂಟುಗಾಲಲ್ಲೇ ರಾಶಿಯ ಅಂಚು ತುಳಿದ. ಸಿದ್ದಣ್ಣ ಅವನನ್ನು ಪಕ್ಕಕ್ಕೆ ತಳ್ಳಿ, ಎಷ್ಟು ಸಲ ಹೇಳಬೇಕು ನಿನಗೆ ಎಂದು ಗದರಿಸಿ, ಚೆಲ್ಲಿದ ಕಾಳನ್ನು ಆಯ್ದು ಕಣ್ಣಿಗೊತ್ತಿಕೊಂಡ. ಹೆಣ ಸಿಕ್ಕ ದಿನ ಬಾಗಿಲು ತೆಗೆದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿದ್ದವನೂ ಶಿವಲಿಂಗನೇ. ಅಕ್ಕ ಅದನ್ನು ಕೇಳಿ ಪಡೆದು, ದೊಡ್ಡದು ಮಾಡಿ ನನಗೆ ತೋರಿಸಿದರು. ರಾಶಿಯ ಮೇಲೆ ಒಂದು ಖಾಲಿ ಗೋಣಿಚೀಲ ಮಡಿಸಿ ಹಾಸಿತ್ತು. ಅದರ ಮೇಲೆ ಜೋಡಿಸಿಟ್ಟ ಚಪ್ಪಲಿ.

ಎರಡು ದಿನ ಬಿಟ್ಟು ಅಕ್ಕ ಎಲ್ಲರನ್ನೂ ಮಿಲ್ಲಿನ ಆಫೀಸಿಗೆ ಕರೆಸಿದರು. ಇನ್‌ಸ್ಪೆಕ್ಟರ್ ಬುರ್ಹಾನುದ್ದೀನ್ ಬಾಗಿಲ ಬಳಿ ನಿಂತರು. ಮಲ್ಕಮ್ಮ ಈ ಸಲ ಕೂತಿದ್ದಳು, ನೆಲದ ಮೇಲೆ.

ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದರು. ಮಾತ್ರೆ ಇಡುವ ಮುಂಚೆ ಚೀಲಗಳಿಂದ ಮಾದರಿ ಕಾಳು ತೆಗೆಯುವುದು ರಾಧಿಕಾಳ ಕೆಲಸ. ಅದಕ್ಕಾಗಿ ಥಪ್ಪಿಯ ಹಿಂದೆ ಹೋದವಳು ಅಲ್ಲೇ ಸತ್ತು ಬಿದ್ದಿದ್ದಳು. ರೈತರ ಮನೆಯವಳು, ಎಂದಿನಂತೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಿದ್ದಾಳೆ. ಸಾಯಲು ಹೊರಟವಳು ಬಚ್ಚಿಡುವುದಾದರೆ ಥಪ್ಪಿಯ ಹಿಂದಕ್ಕೆ ಒಯ್ಯುತ್ತಿದ್ದಳೇ ಹೊರತು ಬಾಗಿಲ ಎದುರಿಗೇ ಗೋಣಿ ಹಾಸಿ ಇಡುತ್ತಿರಲಿಲ್ಲ. ಅಂದರೆ ಅವನ್ನು ಒಳಗಿಟ್ಟದ್ದು ಬೇರೆ ಕೈ. ಒಳಗೆ ಜೀವವೊಂದಿದೆ ಎಂದು ತಿಳಿದೇ ಇಟ್ಟ ಕೈ.

"ಮಾತ್ರೆ ಇಡೋ ದಿನ ಹಮಾಲರು ಆ ಕಡೆ ಬರಂಗಿಲ್ಲ. ಅಣವೀರಪ್ಪ ಆ ಮಧ್ಯಾಹ್ನ ಊರಾಗ ಇರಲಿಲ್ಲ, ನಾ ವಿಚಾರ್ಸೀನಿ. ಉಳದವ್ರು ಇಬ್ಬರು. ಶಿವಲಿಂಗ ಬೂಟು ಹಾಕ್ಕೊಂಡೇ ಕಾಳು ತುಳೀತಾನ, ಚಪ್ಪಲಿಗಿ ಗೋಣಿ ಹಾಸಂಗಿಲ್ಲ," ಎಂದು ಅಕ್ಕ ಮಾಲೀಕನ ಕಡೆ ತಿರುಗಿದರು. "ಆ ಕೋಣ್ಯಾಗ ಕುರ್ಚಿ ಒಂದೇ ಅದ, ಅಣವೀರಪ್ಪ. ನೌಕ್ರಿನೂ ಒಂದೇ. ಅದನ್ನ ಯಾರಿಗಿ ಕೊಟ್ಟಿದ್ರಿ?"

ಅಣವೀರಪ್ಪ ನೆಲ ನೋಡುತ್ತಾ ಒಪ್ಪಿಕೊಂಡ. ಆ ದಿನ ಬೆಳಿಗ್ಗೆಯೇ ರಾಧಿಕಾಳಿಗೆ ಕಾಯಂ ಕೆಲಸ ಎಂದು ಹೇಳಿದ್ದನಂತೆ. ಅದರ ಬೆನ್ನಿಗೇ ಸಿದ್ದಣ್ಣನಿಗೆ, ಮುಂದಿನ ತಿಂಗಳಿಂದ ರಾಧಿಕಾ ನೋಡಿಕೊಳ್ಳುತ್ತಾಳೆ, ನೀನು ಮನೆಯಲ್ಲಿ ಆರಾಮಾಗಿರು ಎಂದಿದ್ದ. ಯಾರ ಜಾಗ ತನಗೆ ಬಂತೆಂದು ಹುಡುಗಿಗೆ ಗೊತ್ತಿರಲಿಲ್ಲ. ಬಿಟ್ಟಿ ದುಡಿಸಿಕೊಂಡದ್ದು ಹೊರಬೀಳುತ್ತದೆಂದು ಹೆದರಿ ಅಣವೀರಪ್ಪ ಬಾಯಿ ಮುಚ್ಚಿಕೊಂಡಿದ್ದ. ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು ನನಗೆ.

ಸಿದ್ದಣ್ಣ ವಾದಿಸಲಿಲ್ಲ. "ನಾನೂ ಹರೇದಾಗ ಬಿಟ್ಟಿ ದುಡದೇ ಈ ಕುರ್ಚಿ ಹಿಡದೀನ್ರಿ," ಎಂದ. ಆಮೇಲೆ, "ಚಪ್ಪಲಿ ನೋಡ್ದೆ. ಕೈಯಾಗ ತಕ್ಕೊಂಡೆ. ಲಕ್ಷ್ಮಿ ಮ್ಯಾಲ ಹ್ಯಾಂಗ ಇಡಬೇಕ್ರಿ? ಅದಕ್ಕ ಗೋಣಿ ಹಾಸ್ದೆ," ಎಂದ.

ಮಲ್ಕಮ್ಮ ಎದ್ದು ಅವನ ಎದುರಿಗೆ ಬಂದಳು.

"ಚಪ್ಪಲಿಗಿ ಗೋಣಿ ಹಾಸ್ದಿ. ನನ್ನ ಮಗಳಿದ್ದ ಬಾಗಿಲಿಗಿ ಮಣ್ಣು ಹ್ಯಾಂಗ ಮೆತ್ತಿದಿ, ಯಣ್ಣಾ?"

ಬುರ್ಹಾನುದ್ದೀನ್ ಅವನನ್ನು ಕರೆದೊಯ್ದರು. ಆ ಮುದುಕನ ಮೇಲೆ ನನಗೆ ಹೇಸಿಗೆಯೂ ಆಯಿತು, ಸಂಕಟವೂ ಆಯಿತು. ಅಣವೀರಪ್ಪನ ಮೇಲೆ ಬರೀ ಹೇಸಿಗೆ.

ಮಲ್ಕಮ್ಮನ ಜೊತೆ ನಾವೂ ಕಮಲಾಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳಿದಳು: ಸಂಜೆ ಬಂದು ಹೇಳುತ್ತೇನೆ ಅಂದದ್ದು ಇದನ್ನೇ ಏನು? ಹೌದು ಎಂದು ಅಕ್ಕ ಅವಳ ಕೈ ಹಿಡಿದುಕೊಂಡರು. ಊರಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹೆಂಗಸರು ಇವಳನ್ನು ಕಂಡು ಮಾತು ನಿಲ್ಲಿಸಿದರು. ಮಲ್ಕಮ್ಮ ನೇರವಾಗಿ ಅವರ ಮುಂದೆ ಹೋಗಿ ನಿಂತಳು.

"ನನ್ನ ಮಗಳಿಗಿ ನೌಕ್ರಿ ಆಗಿತ್ತು," ಎಂದಳು.