ಹಿಂದಿನ ಎಡಗಡೆ ಸ್ಪೀಕರ್

"ಲೇ ಚೂಟಿ, ನಿಮ್ಮಪ್ಪಂಗೆ ಕಿವಿ ಕೇಳಿಸುತ್ತೋ ಇಲ್ವೋ?"

ಹಲ್ಲು ಡಾಕ್ಟರ ಮಗ ಹೀಗೆ ಕೇಳಿದ್ದು ಶಾಲೆಯ ನಲ್ಲಿಯ ಹತ್ತಿರ, ಊಟದ ಡಬ್ಬಿ ತೊಳೆಯುವವರ ಸಾಲಿನಲ್ಲಿ. ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು.

ಮಾತಿಗೆ ಮಾತು ಕೊಡುವುದರಲ್ಲಿ ಚೂಟಿಯದು ಎತ್ತಿದ ಕೈ. ಅದಕ್ಕೇ ಆ ಅಡ್ಡಹೆಸರು ಬಂದದ್ದು. ಆದರೆ ಇವತ್ತು ಬಾಯಿಗಿಂತ ಮುಂಚೆ ಕೈಯೇ ಓಡಿತು. ಡಬ್ಬಿಯಲ್ಲಿದ್ದ ನೀರನ್ನೆಲ್ಲ ಅವನ ಶರ್ಟಿಗೆ ಎರಚಿಬಿಟ್ಟಳು.

"ಏಯ್! ಹುಚ್ಚು ಹಿಡಿದಿದೆಯೇನೇ ನಿಂಗೆ?"

"ನಮ್ಮಪ್ಪನ ಸುದ್ದಿಗೆ ಬಂದ್ರೆ ಇನ್ನೊಂದು ಡಬ್ಬಿ ಹಾಕ್ತೀನಿ!"

"ಇದ್ದಿದ್ದು ಹೇಳಿದ್ರೆ ಯಾಕೆ ಕೋಪ? ನಮ್ಮನೆ ಹೋಮ್ ಥಿಯೇಟರ್ ಸೆಟ್ ಮಾಡಿದ್ದು ನಿಮ್ಮಪ್ಪ ತಾನೆ? ಸಿನಿಮಾ ಹಾಕಿದ್ರೆ ಮುಂದೆ ಯಾರು ಏನು ಮಾತಾಡ್ತಿದಾರೆ ಅಂತಾನೇ ತಿಳಿಯಲ್ಲ. ಹಿಂದಿನ ಸ್ಪೀಕರ್ ಮಾತ್ರ ಕಿವೀಲೇ ಕೂತ್ಕೊಂಡು ಕಿರುಚುತ್ತೆ. ನಮ್ಮಮ್ಮಂಗೆ ದಿನಾ ತಲೆನೋವು. ಅಪ್ಪ ಮೂರು ಸಲ ಫೋನ್ ಮಾಡಿ ಕರೆಸಿದ್ರು. ಮೂರು ಸಲಾನೂ ನಿಮ್ಮಪ್ಪ ಬಂದು, ಇನ್ನೂ ಸ್ವಲ್ಪ ಜೋರು ಮಾಡಿ, ಈಗ ಸರಿಹೋಯ್ತು ಅಂತ ಹೇಳಿ ಹೋದ್ರು!"

ಸಾಲಿನಲ್ಲಿ ಮತ್ತೆ ನಗು. ಚೂಟಿಯ ಕಿವಿ ಬಿಸಿಯಾಯಿತು.

"ನಮ್ಮಪ್ಪ ಕಣ್ಣು ಮುಚ್ಕೊಂಡೇ ಸದ್ದು ಯಾವ ಸ್ಪೀಕರಿಂದ ಬಂತು ಅಂತ ಬೆರಳು ಮಾಡಿ ತೋರಿಸ್ತಾರೆ, ಗೊತ್ತಾ? ಸಾಯಂಕಾಲ ನಮ್ಮನೆಗೆ ಬಾ. ಒಂದೇ ಒಂದು ತಪ್ಪಿದ್ರೂ ಕ್ಲಾಸಿನ ಮುಂದೆ ನಿಂತು ಸಾರಿ ಕೇಳ್ತೀನಿ."

"ಬರ್ತೀನಿ, ನನಗೇನು ಭಯಾನಾ?" ಎಂದು ಅವನು ಒದ್ದೆ ಶರ್ಟು ಹಿಂಡಿಕೊಂಡ.

ಚೂಟಿಯ ಮನೆಯಲ್ಲಿ ಮುಂದಿನ ಕೋಣೆ ಅಂದರೆ ಅಪ್ಪನ ಅಂಗಡಿ ಇದ್ದ ಹಾಗೆ. ಹೋಮ್ ಥಿಯೇಟರ್ ಬೇಕೆನ್ನುವವರು ಮೊದಲು ಅಲ್ಲಿ ಬಂದು ಕೂತು, ಕೇಳಿ, ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ಅಪ್ಪನನ್ನು ತಮ್ಮ ಮನೆಗೆ ಕರೆಯುತ್ತಿದ್ದರು. ಗೋಡೆಗೆ ತಾಗಿ ಕರಿಯ ಆಂಪ್ಲಿಫೈಯರ್. ಅಪ್ಪ ಅದನ್ನು ಆಂಪ್ ಎನ್ನುತ್ತಾನೆ. ಇಬ್ಬರು ಹಿಡಿದರೂ ಎತ್ತಲು ಏದುಸಿರು ಬರುವಷ್ಟು ಭಾರ. ಅದರಿಂದ ಐದು ವೈರು ಹೊರಟು ಐದು ಸ್ಪೀಕರಿಗೆ ಹೋಗುತ್ತವೆ. ಮುಂದೆ ಮೂರು, ದೊಡ್ಡವು. ಕುರ್ಚಿಯ ಹಿಂದೆ ಎರಡು, ಸಣ್ಣವು. ಸಿನಿಮಾದಲ್ಲಿ ರೈಲು ಓಡಿದರೆ ನಮ್ಮ ಬೆನ್ನ ಹಿಂದಿನಿಂದ ಬಂದು ಮುಂದಿನ ಗೋಡೆಯೊಳಗೆ ಹೊಕ್ಕು ಹೋದ ಹಾಗೆ ಕೇಳಿಸಬೇಕು. ಯಾವ ಸ್ಪೀಕರಿಗೆ ಎಷ್ಟು ಶಬ್ದ ಎಂದು ಅಳೆದು ಹಂಚುವುದೇ ಅಪ್ಪನ ಕೆಲಸ.

ಆಂಪ್ ಮೇಲೆ ಯಾರೂ ಏನನ್ನೂ ಇಡುವಂತಿಲ್ಲ. ಅದರ ಬಿಸಿ ಹೊರಗೆ ಹೋಗಲು ಜಾಗ ಬೇಕು. ಒಮ್ಮೆ ಅಮ್ಮ ಇಸ್ತ್ರಿ ಮಾಡಿದ ಬಟ್ಟೆಗಳನ್ನು ಅದರ ಮೇಲೆ ಪೇರಿಸಿಟ್ಟಿದ್ದಳು. ಆಂಪ್ ಕಟಕ್ ಎಂದು ತನ್ನಷ್ಟಕ್ಕೆ ಆಫ್ ಆಯಿತು. ಅಪ್ಪ ಅವತ್ತು ಊಟದ ಹೊತ್ತಿನವರೆಗೂ ಮುಖ ಊದಿಸಿಕೊಂಡಿದ್ದ. "ನನಗೆ ಜ್ವರ ಬಂದ್ರೂ ಇಷ್ಟು ಒದ್ದಾಡಲ್ಲ ಈ ಮನುಷ್ಯ," ಎಂದು ಅಮ್ಮ ನಕ್ಕಿದ್ದಳು.

ಈಗೀಗ ಅಮ್ಮ ನಗುವುದು ಕಡಿಮೆ. ಅಪ್ಪನ ಸಾಮಾನಿನ ಚೀಲ ಎಷ್ಟೋ ದಿನಗಳಿಂದ ಮೊಳೆಯಲ್ಲೇ ನೇತಾಡುತ್ತಿದೆ. ಫೋನ್ ಬಂದರೂ ಹೊಸ ಕೆಲಸಕ್ಕೆ ಬರುವುದಿಲ್ಲ, ಹಳೆಯ ಕೆಲಸ ಸರಿಯಿಲ್ಲ ಎಂದು ಬೈಯಲು ಬರುತ್ತದೆ.

"ಮತ್ತೆ ಆ ಹಲ್ಲು ಡಾಕ್ಟ್ರು ಫೋನ್ ಮಾಡಿದ್ರು," ಎಂದು ನಿನ್ನೆ ಅಮ್ಮ ಹೇಳಿದಾಗ ಅಪ್ಪ ಭುಜ ಹಾರಿಸಿದ್ದ.

"ಅವರದು ಹತ್ತಿ ತುರುಕಿದ ಕಿವಿ ಕಣೇ. ಆಂಪ್ ದುಡ್ಡು ಕೊಟ್ಟು ತರಬಹುದು. ಕಿವಿ ತರೋಕಾಗುತ್ತಾ?"

ಅಮ್ಮ ಫೋನನ್ನು ಅವನ ಮುಂದೆ ಇಟ್ಟು ಒಳಗೆ ಹೋಗಿದ್ದಳು.

ಸಂಜೆ ಹಲ್ಲು ಡಾಕ್ಟರ ಮಗ ಹೇಳಿದಂತೆ ಬಂದ. ಶರ್ಟು ಒಣಗಿತ್ತು, ಜಂಬ ಇನ್ನೂ ಇಳಿದಿರಲಿಲ್ಲ. ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಚೂಟಿ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾ, ಇವನಿಗೆ ನಮ್ಮ ಆಟ ತೋರಿಸೋಣ. ಬೆರಳು ತೋರಿಸೋ ಆಟ."

ಆಟ ಇಷ್ಟೇ. ಆಂಪ್‌ನ ರಿಮೋಟಿನಲ್ಲಿ ಟೆಸ್ಟ್ ಅಂತ ಒಂದು ಬಟನ್ ಉಂಟು. ಅದನ್ನು ಒತ್ತಿದರೆ ಒಂದೊಂದೇ ಸ್ಪೀಕರಿನಿಂದ "ಶ್ಶ್‌ಶ್" ಎಂದು ಶಬ್ದ ಬರುತ್ತದೆ. ಕಣ್ಣು ಮುಚ್ಚಿ ಕೂತವರು ಅದು ಎಲ್ಲಿಂದ ಬಂತೆಂದು ಬೆರಳು ಮಾಡಬೇಕು. ಚೂಟಿ ನಡೆಯಲು ಕಲಿತಾಗಿನಿಂದ ಅಪ್ಪನ ಜೊತೆ ಈ ಆಟ ಆಡಿದ್ದಾಳೆ. ಅಪ್ಪ ಸೋತದ್ದೇ ಇಲ್ಲ.

"ಓಹೋ, ಡಾಕ್ಟ್ರ ಮಗ! ನಿಮ್ಮಪ್ಪ ಕಳಿಸಿದ್ರೇನೋ ಪರೀಕ್ಷೆ ಮಾಡೋಕೆ?" ಎಂದು ನಗುತ್ತಾ ಅಪ್ಪ ನಡುವಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ.

ಹುಡುಗ ಕುರ್ಚಿಯ ಹಿಂದೆ, ಎಡಗಡೆಯ ಸಣ್ಣ ಸ್ಪೀಕರಿನ ಪಕ್ಕದಲ್ಲಿ ಕೈ ಕಟ್ಟಿ ನಿಂತ. ಚೂಟಿ ರಿಮೋಟ್ ಹಿಡಿದಳು.

"ಅಪ್ಪಾ, ನಾನೇ ಒಂದೊಂದನ್ನೇ ಒತ್ತಲಾ? ಎಲ್ಲಿಂದ ಬೇಕಾದ್ರೂ ಬರೋ ಹಾಗೆ?"

ಅಪ್ಪ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವಳು ಗಟ್ಟಿಯಾಗಿ ಇನ್ನೊಮ್ಮೆ ಕೇಳಿದಳು.

"ಬೇಡ ಬೇಡ. ಆಟೋಗೆ ಬಿಡು. ಅದೇ ಸಾಲಾಗಿ ಒಂದೊಂದನ್ನೇ ಸುತ್ತುತ್ತೆ."

ಮೊದಲು ಅವಳೇ ಒತ್ತುತ್ತಿದ್ದಳು, ಬೇಕೆಂದೇ ಹಿಂದೆ ಮುಂದೆ ಮಾಡಿ ಅಪ್ಪನನ್ನು ಕೆಣಕುತ್ತಿದ್ದಳು. ಈಚೆಗೆ ಅಪ್ಪ ಅದಕ್ಕೆ ಒಪ್ಪುತ್ತಿರಲಿಲ್ಲ. ಯಾಕೆಂದು ಅವಳು ಯೋಚಿಸಿರಲಿಲ್ಲ. ಬಟನ್ ಒತ್ತಿದಳು.

ಮುಂದಿನ ಎಡಗಡೆ ಸ್ಪೀಕರ್ ಶ್ಶ್‌ಶ್ ಎಂದಿತು. ಅಪ್ಪನ ಬೆರಳು ಅತ್ತ ಹೋಯಿತು. ನಡುವಿನದು. ಬೆರಳು ನೆಟ್ಟಗೆ ಎದುರಿಗೆ. ಮುಂದಿನ ಬಲಗಡೆ. ಸರಿ. ಹಿಂದಿನ ಬಲಗಡೆ. ಅಪ್ಪ ತಲೆಯನ್ನೂ ತಿರುಗಿಸದೆ ಭುಜದ ಮೇಲಿಂದ ಬೆರಳು ಮಾಡಿದ. ಚೂಟಿ ಹುಡುಗನ ಕಡೆ ನೋಡಿ ಹುಬ್ಬು ಹಾರಿಸಿದಳು. ಕೊನೆಯದಾಗಿ ಹಿಂದಿನ ಎಡಗಡೆಯ ಸರದಿ.

ಶಬ್ದ ಬರಲಿಲ್ಲ.

ಆಂಪ್‌ನ ಪರದೆಯ ಮೇಲೆ ಆ ಸ್ಪೀಕರಿನ ಗುರುತು ಮಿನುಗುತ್ತಿತ್ತು. ಸ್ಪೀಕರ್ ಮಾತ್ರ ಬಾಯಿ ಹೊಲಿದುಕೊಂಡು ಕೂತಿತ್ತು. ಚೂಟಿ ಬಗ್ಗಿ ನೋಡಿದಳು. ಅದರ ವೈರು ಕಿತ್ತು ನೆಲದ ಮೇಲೆ ಬಿದ್ದಿತ್ತು. ಬೆಳಿಗ್ಗೆ ಅವಳು ಕಸ ಗುಡಿಸುವಾಗ ಪೊರಕೆಗೆ ಏನೋ ಸಿಕ್ಕಿಕೊಂಡಿತ್ತು. ಸ್ಕೂಲಿಗೆ ಹೊತ್ತಾಯಿತೆಂದು ಜಗ್ಗಿ ಬಿಡಿಸಿಕೊಂಡು ಓಡಿದ್ದಳು. ಅಯ್ಯೋ, ಈಗ ಅಪ್ಪ ಬೈಯುತ್ತಾನೆ ಎಂದುಕೊಂಡಳು.

ಅಷ್ಟರಲ್ಲಿ ಅಪ್ಪನ ಬೆರಳು ಮೇಲೆದ್ದಿತು. ಒಂದು ಚೂರೂ ತಡವರಿಸದೆ, ಸದ್ದೇ ಮಾಡದ ಆ ಡಬ್ಬದ ಕಡೆಗೆ ನೆಟ್ಟಗೆ ತೋರಿಸಿತು.

"ಹಿಂದೆ, ಎಡಕ್ಕೆ," ಎಂದ ಅಪ್ಪ, ಕಣ್ಣು ತೆರೆಯದೆ. "ಎಷ್ಟು ಚೊಕ್ಕವಾಗಿ ಬರ್ತಿದೆ ನೋಡೋ ಹುಡುಗಾ."

ಚೂಟಿಗೆ ಆಗ ಹೊಳೆಯಿತು. ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತಿದ್ದ. ಒಂದು ಸ್ಪೀಕರ್ ಎಷ್ಟು ಹೊತ್ತು, ಅದರ ಮುಂದಿನದು ಯಾವುದು ಎಂದು ಎಣಿಸಿ ಎಣಿಸಿ ಬೆರಳು ಮಾಡುತ್ತಿದ್ದ. ಆಟೋಗೆ ಬಿಡು ಎಂದದ್ದು ಅದಕ್ಕೇ.

ಹುಡುಗ ಬಗ್ಗಿ ಸ್ಪೀಕರಿಗೆ ಕಿವಿ ಇಟ್ಟ. ವೈರು ನೋಡಿದ. ಅಪ್ಪನ ಬೆರಳು ನೋಡಿದ. ಬಾಯಿ ತೆರೆದ. ಚೂಟಿ ಅವನತ್ತ ನೋಡಿದಳು. ಎಲ್ಲಿ ಅತ್ತುಬಿಡುತ್ತಾಳೋ ಎನ್ನುವ ಹಾಗಿತ್ತು ಅವಳ ಮುಖ. ಅವನು ಬಾಯಿ ಮುಚ್ಚಿದ.

"ಎಷ್ಟು ಸರಿ?" ಅಪ್ಪ ಕಣ್ಣು ಬಿಟ್ಟ.

"ಎಲ್ಲಾ ಸರಿ ಅಪ್ಪಾ," ಎಂದಳು ಚೂಟಿ.

"ಹೂಂ ಅಂಕಲ್," ಎಂದ ಹುಡುಗ. "ಎಲ್ಲಾ ಕರೆಕ್ಟ್."

ಇಬ್ಬರೂ ಗೇಟಿನವರೆಗೆ ನಡೆದರು. ಹುಡುಗ ಚಪ್ಪಲಿಯಿಂದ ಕಲ್ಲೊಂದನ್ನು ಅತ್ತ ಇತ್ತ ಉರುಳಿಸಿದ.

"ನಾನು ಸ್ಕೂಲಲ್ಲಿ ಯಾರಿಗೂ ಹೇಳಲ್ಲ," ಎಂದ. "ನಮ್ಮಪ್ಪಂಗೂ ಹೇಳಲ್ಲ. ನೀನು ಸಾರಿ ಏನೂ ಕೇಳ್ಬೇಡ."

ಅವನು ಮತ್ತೆ ಹಂಗಿಸಿದ್ದರೆ ಚೆನ್ನಾಗಿತ್ತು. ಇನ್ನೊಂದು ಡಬ್ಬಿ ನೀರು ಎರಚಿ ಬರಬಹುದಿತ್ತು. ಅವನು ಪಾಪ ಎನ್ನುವ ಹಾಗೆ ನೋಡಿದ್ದು ಅವಳಿಗೆ ತಡೆಯಲಾಗಲಿಲ್ಲ. ಗೇಟಿನ ಚಿಲಕ ಹಾಕಿದಳು.

ಒಳಗೆ ಬಂದಾಗ ಅಪ್ಪ ಬಹಳ ದಿನಗಳ ಮೇಲೆ ಸೀಟಿ ಹಾಕುತ್ತಿದ್ದ. ಕೈಯಲ್ಲಿ ಫೋನು.

"ಕೇಳಿದ್ಯಾ ಚೂಟಿ? ಡಾಕ್ಟ್ರ ಮಗನೇ ಕರೆಕ್ಟ್ ಅಂದ! ಈಗ್ಲೇ ಅವರಪ್ಪಂಗೆ ಫೋನ್ ಮಾಡ್ತೀನಿ. ನಿಮ್ಮ ಮಗನೇ ಸಾಕ್ಷಿ, ನನ್ನ ಕಿವಿ ಸರಿಯಾಗಿದೆ, ತೊಂದರೆ ನಿಮ್ಮದೇ ಅಂತೀನಿ. ನಾಳೆ ಹೋಗಿ ಆ ಹಿಂದಿನ ಸ್ಪೀಕರನ್ನ ಇನ್ನೂ ಒಂದು ಚೂರು ಜೋರು ಮಾಡಿಬಿಟ್ರೆ ಮುಗೀತು."

ಅವಳು ಹೇಳಿದ ಸುಳ್ಳನ್ನು ಹಿಡಿದುಕೊಂಡು ಅಪ್ಪ ಆ ಮನೆಗೆ ಹೋಗುತ್ತಾನೆ. ಅಲ್ಲಿ ಸೋಫಾದ ಮೇಲೆ ಡಾಕ್ಟರು, ಡಾಕ್ಟರ ಹೆಂಡತಿ, ಎಲ್ಲ ಗೊತ್ತಿದ್ದೂ ಸುಮ್ಮನೆ ಕೂತ ಹುಡುಗ. ಅವರ ನಡುವೆ ನಿಂತು ಅಪ್ಪ ಬೆರಳು ಮಾಡುತ್ತಾನೆ. ಇನ್ನಷ್ಟು ಜೋರು ಮಾಡುತ್ತಾನೆ. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

"ಅಪ್ಪಾ, ಫೋನ್ ಮಾಡ್ಬೇಡ."

ಅಪ್ಪ ನಂಬರು ಹುಡುಕುತ್ತಲೇ ಇದ್ದ.

"ಅಪ್ಪಾ!"

ಅವನು ತಲೆ ಎತ್ತಲಿಲ್ಲ. ನಿನಗೆ ಕಿವಿ ಕೇಳಿಸುವುದಿಲ್ಲ ಎಂದು ಅಪ್ಪನಿಗೆ ಯಾವ ಮಗಳು ಹೇಳಿಯಾಳು? ಚೂಟಿಯ ಬಾಯಿಗೂ ಬರಲಿಲ್ಲ. ಅವಳು ಕುರ್ಚಿಯ ಹಿಂದೆ ಹೋಗಿ, ನೆಲದ ಮೇಲಿದ್ದ ವೈರಿನ ತುದಿ ಹಿಡಿದು ತಂದು ಅಪ್ಪನ ಫೋನಿನ ಮುಂದೆ ಚಾಚಿದಳು.

ಅಪ್ಪ ವೈರು ನೋಡಿದ. ಅದು ಎಲ್ಲಿಂದ ಬಂದಿದೆ ಎಂದು ಕಣ್ಣಲ್ಲೇ ಹಿಂದಕ್ಕೆ ಹುಡುಕಿಕೊಂಡು ಹೋದ.

"ಈಗ ಬಿತ್ತಾ?"

ಹೂಂ ಎಂದುಬಿಡುವುದು ಎಷ್ಟು ಸುಲಭವಾಗಿತ್ತು.

"ಇಲ್ಲ ಅಪ್ಪಾ. ಬೆಳಿಗ್ಗೆ. ನಾನು ಕಸ ಗುಡಿಸೋವಾಗ."

ಅಪ್ಪ ಫೋನನ್ನು ಕುರ್ಚಿಯ ಮೇಲೆ ಇಟ್ಟ. ಅವನ ಮುಖ ಒಮ್ಮೆಲೇ ಮುದುಕರ ಮುಖದ ಹಾಗಾಯಿತು. ಬೈದರೂ ಸಾಕು, ಏನಾದರೂ ಮಾತಾಡಲಿ ಎಂದು ಚೂಟಿಗೆ ಅನಿಸಿತು.

"ಆ ಹುಡುಗ ನೋಡಿದ್ನಾ?"

"ನೋಡಿದ. ಯಾರಿಗೂ ಹೇಳಲ್ಲ ಅಂದಿದಾನೆ."

"ಒಳ್ಳೆ ಹುಡುಗ," ಎಂದ ಅಪ್ಪ. "ಆರು ತಿಂಗಳಿಂದ ಹೀಗೆ ಕಣೇ. ಮೊದಲು ಹಿಂದಿನ ಸ್ಪೀಕರುಗಳು ಕೇಳಿಸದಾದವು. ಸಣ್ಣ ಸದ್ದೆಲ್ಲ ಹೋಯ್ತು. ಶೀತ ಇರಬೇಕು, ಹೋಗುತ್ತೆ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ. ಕಿವಿ ಕೇಳದವನನ್ನ ಯಾರು ಸೌಂಡ್ ಕೆಲಸಕ್ಕೆ ಕರೀತಾರೆ ಹೇಳು."

ಚೂಟಿ ಅವನ ಶರ್ಟಿನ ತುದಿ ಹಿಡಿದುಕೊಂಡಳು.

"ಅಮ್ಮಂಗೆ ನಾನೇ ಹೇಳ್ತೀನಿ. ನೀನು ಹೇಳ್ಬೇಡ."

ಅಪ್ಪ ನೆಲದ ಮೇಲೆ ಕೂತ. ವೈರಿನ ತುದಿಯ ತಾಮ್ರದ ಎಳೆಗಳನ್ನು ಒಂದೂ ಹೊರಗುಳಿಯದಂತೆ ಹೊಸೆದು, ಸ್ಪೀಕರಿನ ಹಿಂದೆ ಸಿಕ್ಕಿಸಿ ತಿರುಪಿದ. ಕೈಗಳಿಗೆ ಯಾವ ಅನುಮಾನವೂ ಇರಲಿಲ್ಲ. ಮುಗಿಸಿ ಎದ್ದವನು ಸ್ಟೂಲ್ ಹತ್ತಿ, ಅಟ್ಟದಿಂದ ಆಂಪ್‌ನ ಹಳೆಯ ರಟ್ಟಿನ ಪೆಟ್ಟಿಗೆ ಇಳಿಸಿದ. ಅದರ ಮೂಲೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಪುಟ್ಟ ಮೈಕ್ ಇತ್ತು. ಕವರು ಇನ್ನೂ ಒಡೆದಿರಲಿಲ್ಲ.

"ಇದೇನಪ್ಪಾ?" ಅವಳು ಅವನ ಎದುರಿಗೆ ಬಂದು ಗಟ್ಟಿಯಾಗಿ ಕೇಳಿದಳು.

"ಆಂಪ್ ಜೊತೆಗೇ ಕೊಟ್ಟಿರ್ತಾರೆ. ಇದನ್ನ ಇಟ್ರೆ ಆಂಪ್ ತಾನೇ ಕೇಳಿಸಿಕೊಂಡು, ಯಾವ ಸ್ಪೀಕರಿಗೆ ಎಷ್ಟು ಶಬ್ದ ಅಂತ ಅಳತೆ ಮಾಡ್ಕೊಳ್ಳುತ್ತೆ. ಇಷ್ಟು ವರ್ಷ ನನಗೆ ಬೇಕಾಗಿರಲಿಲ್ಲ."

ಹಲ್ಲಿನಿಂದ ಕವರು ಹರಿದು, ಮೈಕನ್ನು ತಾನು ಕೂರುವ ಕುರ್ಚಿಯ ಮೇಲೆ ಪುಸ್ತಕಗಳನ್ನು ಪೇರಿಸಿ ಇಟ್ಟ. ತನ್ನ ಕಿವಿ ಬರುವ ಎತ್ತರಕ್ಕೆ ಸರಿಮಾಡಿದ. ಅದರ ವೈರನ್ನು ಆಂಪ್‌ಗೆ ಚುಚ್ಚಿ ಬಟನ್ ಒತ್ತಿದ.

"ಬಾ, ಆಚೆ ಹೋಗೋಣ. ಅದು ಅಳೆಯೋವಾಗ ಒಳಗೆ ಯಾರೂ ಇರಬಾರದು. ಬಾಗಿಲೂ ತೆಗೀಬಾರದು. ತೆಗೆದ್ರೆ ಎಲ್ಲಾ ಕೆಡುತ್ತೆ."

ಇಬ್ಬರೂ ಬಾಗಿಲು ಮುಚ್ಚಿಕೊಂಡು ಹೊರಗೆ ನಿಂತರು. ಬೀದಿಯಲ್ಲಿ ಬೆಳಕು ಇಳಿಯುತ್ತಿತ್ತು. ಒಳಗೆ ಮುಂದಿನ ದೊಡ್ಡ ಸ್ಪೀಕರ್ ಜೋರಾಗಿ ಸದ್ದು ಮಾಡಿತು. ಆಮೇಲೆ ನಡುವಿನದು, ಆಮೇಲೆ ಇನ್ನೊಂದು. ಅಪ್ಪ ನೆಲ ನೋಡುತ್ತಾ, ತಲೆಯನ್ನು ಬಾಗಿಲ ಕಡೆ ವಾಲಿಸಿ ನಿಂತಿದ್ದ.

ನಂತರ ಹಿಂದಿನ ಸಣ್ಣವು ಶುರುವಾದವು. ಬಾಗಿಲಿನಾಚೆಯಿಂದಲೂ ಚೂಟಿಗೆ ಆ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. ಅಷ್ಟು ಚೆನ್ನಾಗಿ ಕೇಳಿಸುವುದೇ ಅವಳಿಗೆ ತಪ್ಪು ಮಾಡಿದ ಹಾಗೆ ಅನಿಸಿತು.

ಅಪ್ಪ ತಲೆ ಎತ್ತಿ ಬಾಗಿಲ ಹಿಡಿಗೆ ಕೈ ಹಾಕಿದ.

"ಮುಗೀತು, ಅಲ್ವಾ?"

ಚೂಟಿ ಅವನ ಕೈ ಮೇಲೆ ಕೈ ಇಟ್ಟು ತಡೆದಳು. ತನ್ನ ಮುಖ ಅವನಿಗೆ ಕಾಣುವ ಹಾಗೆ ಮುಂದೆ ಬಂದು ನಿಂತು, ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದಳು.

"ಇನ್ನೂ ಇಲ್ಲ ಅಪ್ಪಾ. ಇರು. ಮುಗಿದಾಗ ನಾನು ಹೇಳ್ತೀನಿ."

ಅಪ್ಪ ಹಿಡಿ ಬಿಟ್ಟು ಗೋಡೆಗೆ ಒರಗಿ ನಿಂತ. ಚೂಟಿ ಬಾಗಿಲಿಗೆ ಕಿವಿ ಇಟ್ಟು ಕೇಳುತ್ತಾ ಇದ್ದಳು.