ಅರವತ್ತು ಮನೆಗಳ ಹಾಳೆ

ಅಜ್ಜಂಪುರದ ಡ್ರಾಯಿಂಗ್ ಮೇಷ್ಟ್ರು ತೀರ್ಥಪ್ಪ ಹನ್ನೊಂದು ದಿನ ರೆಪ್ಪೆ ಮಿಟುಕಿಸಲಿಲ್ಲ. ಗುಬ್ಬಿಯೊಂದು ಅವನ ಹುಬ್ಬಿನ ಮೇಲೆ ಕೂತು ಗೂಡಿಗೆ ಜಾಗ ಅಳತೆ ಮಾಡಿಕೊಂಡು ಹೋಯಿತು. ನಂಬದಿದ್ದರೆ ಬಿಡಿ; ಎಂಬತ್ಮೂರನೇ ಇಸವಿಯ ಗುಬ್ಬಿಗಳನ್ನು ಈಗ ಸಾಕ್ಷಿಗೆ ಎಲ್ಲಿಂದ ತರೋಣ?

ಅವನನ್ನು ಹಾಗೆ ಕೂರಿಸಿದವಳು ಮಲ್ಲಿಕಾಂಬ, ಮೈಸೂರಲ್ಲಿ ಟ್ರೈನಿಂಗ್ ಮುಗಿಸಿ ಬಂದ ಹೊಸ ಟೀಚರ್. ಎಂಟು ವರ್ಷದ ಕರಿಬಸಮ್ಮ ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಅವಳನ್ನು ಶಾಲೆಯಿಂದ ಬಿಡಿಸಿ ಎಂದು ಊರವರ ಹಟ. ಕಚ್ಚುವುದು ಕಡಿಮೆಯಾಗುತ್ತಿದೆ ಎಂದು ಮಲ್ಲಿಕಾಂಬ ಸೋಮವಾರ ತರೀಕೆರೆಯ ಶಿಕ್ಷಣಾಧಿಕಾರಿ ಸಾಹೇಬರಿಗೆ ತೋರಿಸಬೇಕಿತ್ತು.

“ಇಬ್ಬರು ನೋಡಬೇಕು ಸರ್. ನನ್ನೊಬ್ಬಳ ಕಣ್ಣನ್ನ ಯಾರು ನಂಬ್ತಾರೆ?” ಎಂದು ತೀರ್ಥಪ್ಪನನ್ನು ಕರೆದಿದ್ದಳು.

ಟೇಪ್ ರೆಕಾರ್ಡರ್ ಹತ್ತು ಸೆಕೆಂಡಿಗೊಮ್ಮೆ ‘ಟುಂಯ್’ ಅನ್ನುತ್ತಿತ್ತು. ಅಷ್ಟರಲ್ಲಿ ಹುಡುಗಿ ಕೈ ಕಚ್ಚಿಕೊಂಡರೆ ಇಬ್ಬರೂ ತಂತಮ್ಮ ಹಾಳೆಯಲ್ಲಿ ಆ ಹತ್ತು ಸೆಕೆಂಡಿನ ಚೌಕದ ಮನೆಯಲ್ಲಿ ಒಂದು ಗೆರೆ ಎಳೆಯಬೇಕು. ದಿನಕ್ಕೆ ಹತ್ತು ನಿಮಿಷ, ಅರವತ್ತು ಮನೆ.

“ಮೂರು ಸಲ ಕಚ್ಚಿದ್ರೂ ಒಂದೇ ಗೆರೆ. ಎಣಿಸೋ ಹಾಗಿಲ್ಲ.”

“ನಂದು ಹದ್ದಿನ ಕಣ್ಣು ಕಣ್ರೀ. ಇಲ್ಲೇ ಕೂತು ಕಡೂರು ಬಸ್ಸಿನ ಕಂಡಕ್ಟರ್ ಮೀಸೆ ಕೂದಲು ಎಣಿಸ್ತೀನಿ!”

ಅವಳು ನಕ್ಕಳು. ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಅಯ್ಯನಕೆರೆಯ ನೀರೆಲ್ಲ ಅದರಲ್ಲಿ ಹಿಡಿಯುತ್ತಿತ್ತು.

ಶನಿವಾರ ಸಂಜೆ ಅವಳು ಇಬ್ಬರ ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿ ಬೆಳಕಿಗೆ ಹಿಡಿದಳು. ಗೆರೆಯ ಮೇಲೆ ಗೆರೆ ಕೂತಿತ್ತು.

“ನೂರಕ್ಕೆ ನೂರು!” ತೀರ್ಥಪ್ಪ ಎದೆಯುಬ್ಬಿಸಿದ.

ಅವಳು ನಗಲಿಲ್ಲ. “ಬುಧವಾರ, ಹದಿನಾಲ್ಕನೇ ಮನೆ. ಇಬ್ಬರದೂ ಗೆರೆ ಇದೆ.”

“ಇರಲೇಬೇಕಲ್ಲ.”

“ಆಗ ಕರಿಬಸಿ ನೀರು ಕುಡಿಯೋಕೆ ಹೊರಗೆ ಹೋಗಿದ್ಲು. ನಾನು ಕೈತಪ್ಪಿ ಎಳೆದೆ. ನೀವು?”

ತೀರ್ಥಪ್ಪನ ಹದ್ದು ನೆಲಕ್ಕೆ ಬಿತ್ತು.

“ನಿಮ್ಮ ಪೆನ್ನು ಅಲ್ಲಾಡಿದಾಗೆಲ್ಲ ನಾನೂ ಎಳೀತಿದ್ದೆ.”

“ಹನ್ನೊಂದು ದಿನವೂ? ಇನ್ನು ಈ ಹಾಳೆಗೆ ಬೆಲೆಯೇನು? ಆ ಮಗು ಶಾಲೆ ಬಿಟ್ರೆ ಎಲ್ಲಿಗೆ ಹೋಗುತ್ತೆ ತೀರ್ಥಪ್ಪಾ?” ಸರ್ ಅನ್ನುವುದೂ ಅವಳಿಗೆ ಮರೆತುಹೋಗಿತ್ತು. ಕಣ್ಣು ತುಂಬಿತ್ತು.

“ಸಾಹೇಬರ ಹತ್ರ ನಾನೇ ಬತ್ತೀನಿ. ತಪ್ಪು ನಂದು ಅಂತ ಹೇಳಿ ಇನ್ನೂ ಹನ್ನೊಂದು ದಿನ ಕೇಳ್ತೀನಿ. ಈ ಸಲ ನಿಮಗೆ ಬೆನ್ನು ಹಾಕಿ ಕೂರ್ತೀನಿ.”

ಅವಳು ಸೆರಗಿನಂಚಲ್ಲಿ ಕಣ್ಣೊರೆಸಿಕೊಂಡಳು. “ಮತ್ತೆ ಇಷ್ಟು ದಿನ ರೆಪ್ಪೆ ಮಿಟುಕಿಸದೆ ಏನು ನೋಡ್ತಿದ್ರಿ?”

“ನಿಮ್ಮನ್ನ. ರೆಪ್ಪೆ ಮಿಟುಕಿಸಲಿಲ್ಲ ಅನ್ನೋದೂ ಸುಳ್ಳು. ನೀವು ಈ ಕಡೆ ತಿರುಗಿದಾಗೆಲ್ಲ ಕಣ್ಣು ಮುಚ್ಕೊತಿದ್ದೆ. ಹೆದರಿಕೆ.”

ಟೇಪು ಇನ್ನೂ ಓಡುತ್ತಿತ್ತು. ಅವಳು ಅದನ್ನು ಆರಿಸಿದಳು.

“ಹನ್ನೊಂದು ದಿನ ಮಗೂನ ನೋಡಿ,” ಎಂದಳು ಮಲ್ಲಿಕಾಂಬ. “ಹನ್ನೆರಡನೇ ದಿನ ನಾನು ತಿರುಗ್ತೀನಿ. ಆಗ ಕಣ್ಣು ಮುಚ್ಚಬೇಡಿ.”