ಕೊನೆಯ ಸಾಲಿನ ತನಕ

“ಕೊನೇ ಸಾಲಲ್ಲಿ ದೆವ್ವಗಳು ನಿಂತಿವೆ ನೋಡ್ರೋ,” ಎಂದ ರೇಡಿಯೋ. ಬಾಯಿ ಮುಚ್ಚದ ಆ ಹುಡುಗನಿಗೆ ಇಡೀ ತರಗತಿ ಇಟ್ಟ ಹೆಸರದು.

ಎಲ್ಲರೂ ಕಂಪ್ಯೂಟರಿನ ಸುತ್ತ ಮುಗಿಬಿದ್ದಿದ್ದರು. ಮೊದಲ ಬೆಂಚಿನ ಹುಡುಗಿ ಗುಬ್ಬಿ ತೆಗೆದ ತರಗತಿಯ ಫೋಟೋ ಪರದೆಯ ಮೇಲಿತ್ತು. ಮುಂದಿನ ಸಾಲಿನವರ ಕಣ್ಣರೆಪ್ಪೆಗಳೂ ನಿಚ್ಚಳವಾಗಿದ್ದವು. ನಡುವಿನ ಸಾಲು ಮಸುಕಾಗಿತ್ತು. ಕೊನೆಯ ಸಾಲಿನ ಮುಖಗಳಂತೂ ನೀರಿಗೆ ಬಿದ್ದ ಬಣ್ಣದಂತೆ ಕಲಸಿಹೋಗಿದ್ದವು.

ಗುಬ್ಬಿಯ ಕಿವಿ ಬಿಸಿಯಾಯಿತು. ಮಾವ ಕೊಟ್ಟ ಕ್ಯಾಮೆರಾದ ಲೆನ್ಸಿನಲ್ಲಿ ಬೆಳಕು ಒಳನುಗ್ಗುವ ಕಂಡಿಯೊಂದಿದೆ. ಅದರ ಹೆಸರು ಅಪರ್ಚರ್. ಉಂಗುರ ತಿರುಗಿಸಿದರೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಹಿಂದೊಮ್ಮೆ ಅದನ್ನು ಪೂರ್ತಿ ಹಿಗ್ಗಿಸಿ ಬೆಕ್ಕಿನ ಫೋಟೋ ತೆಗೆದಾಗ, ಹಿಂದಿನ ಗೋಡೆ ಹೊಗೆಯಂತೆ ಕರಗಿ ಬೆಕ್ಕೊಂದೇ ಎದ್ದು ಕಂಡಿತ್ತು. ಮನೆಯವರೆಲ್ಲ ಭೇಷ್ ಎಂದಿದ್ದರು. ಅಂದಿನಿಂದ ಗುಬ್ಬಿ ಆ ಉಂಗುರವನ್ನು ಮುಟ್ಟಿಯೇ ಇರಲಿಲ್ಲ.

ಫೋಟೋ ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು, ಆಮೇಲೆ ವರ್ಷವಿಡೀ ತರಗತಿಯ ಗೋಡೆಯಲ್ಲಿರುತ್ತದೆ ಎಂದು ಟೀಚರ್ ನೆನಪಿಸಿದರು. ಬೇರೆ ದಾರಿಯಿಲ್ಲದಿದ್ದರೆ ಇದೇ ಇರಲಿ ಎಂದೂ ಹೇಳಿದರು.

ಕೊನೆಯ ಬೆಂಚಿನ ಏಣಿ ಮೆಲ್ಲಗೆ ಹೇಳಿದಳು: “ಬಿಡು ಗುಬ್ಬಿ. ಹಿಂದೆ ನಿಲ್ಲೋರು ಯಾವ ಫೋಟೋದಲ್ಲೂ ಸರಿಯಾಗಿ ಬರಲ್ಲ.”

ಎಲ್ಲರಿಗಿಂತ ಎತ್ತರದ ಹುಡುಗಿ ಅವಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ್ದೇ ಗುಬ್ಬಿಗೆ ಹೆಚ್ಚು ಚುಚ್ಚಿತು. ನಾಳೆ ಬಿಡುವಿನಲ್ಲಿ ಇನ್ನೊಂದು ಫೋಟೋ ತೆಗೆಯುತ್ತೇನೆಂದು ಟೀಚರನ್ನು ಕೇಳಿ ಒಪ್ಪಿಸಿದಳು.

ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಮೂರು ಸೀಸೆಗಳನ್ನು ಒಂದರ ಹಿಂದೊಂದು ನಿಲ್ಲಿಸಿದಳು. ಮುಂದಿನದಕ್ಕೆ ಫೋಕಸ್ ಮಾಡಿದರೆ ಹಿಂದಿನದು ಮಸುಕು. ಹಿಂದಿನದಕ್ಕೆ ಮಾಡಿದರೆ ಮುಂದಿನದು. ಒಂದನ್ನು ಒಲಿಸಿಕೊಂಡರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಕೇಳೋಣವೆಂದರೆ ಮಾವ ಊರಲ್ಲಿರಲಿಲ್ಲ.

ಅಜ್ಜಿ ಗೋಡೆ ಗಡಿಯಾರದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ಯಾಕಜ್ಜಿ ಹಾಗೆ ನೋಡ್ತೀರಿ?”

“ಕನ್ನಡಕ ಸಿಗ್ತಿಲ್ಲ ಕಣೇ. ಕಣ್ಣು ಸ್ವಲ್ಪ ಮುಚ್ಚಿದ್ರೆ ಮುಳ್ಳು ಕಾಣುತ್ತೆ.”

“ನಿಮ್ಮ ತಲೆ ಮೇಲೇ ಇದೆ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತೆಂದು ಅಜ್ಜಿ ನಕ್ಕರು. ಗುಬ್ಬಿ ನಗಲಿಲ್ಲ. ತಾನೂ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಲೆನ್ಸಿನ ಉಂಗುರ ತಿರುಗಿಸಿ ಕಂಡಿಯನ್ನೂ ಹಾಗೆಯೇ ಕುಗ್ಗಿಸಿದಳು.

ಈಗ ಫೋಟೋದಲ್ಲಿ ಮೂರು ಸೀಸೆಗಳೂ ಒಟ್ಟಿಗೇ ಅಲುಗಾಡಿದಂತೆ ಬಂದವು. ಸಣ್ಣ ಕಂಡಿಯಲ್ಲಿ ಬೆಳಕು ಹನಿಹನಿಯಾಗಿ ಬರುತ್ತದೆ. ಅಷ್ಟು ಹೊತ್ತು ಕ್ಯಾಮೆರಾ ಕಣ್ಣು ತೆರೆದೇ ಇರಬೇಕು. ಅಷ್ಟರಲ್ಲಿ ಕೈ ನಡುಗುತ್ತದೆ. ಗುಬ್ಬಿ ಪುಸ್ತಕಗಳನ್ನು ಪೇರಿಸಿ ಕ್ಯಾಮೆರಾವನ್ನು ಅವುಗಳ ಮೇಲಿಟ್ಟಳು. ಮೇಜನ್ನು ಕಿಟಕಿಯ ಬಿಸಿಲಿಗೆ ಎಳೆದಳು. ನಡುವಿನ ಸೀಸೆಗೆ ಫೋಕಸ್ ಮಾಡಿದಳು. ತಪ್ಪಿತು, ಮತ್ತೆ ತೆಗೆದಳು. ಬಿಸಿಲು ಕಿಟಕಿಯಿಂದ ಜಾರುವ ಮುನ್ನ ಫೋಟೋದಲ್ಲಿ ಮೂರೂ ಸೀಸೆಗಳ ಮೇಲಿನ ಅಕ್ಷರಗಳನ್ನು ಓದುವಂತಾಯಿತು.

ಮರುದಿನ ಬಿಡುವಿನಲ್ಲಿ ಎಲ್ಲರನ್ನೂ ನೆರಳಿನ ಪಡಸಾಲೆಯಿಂದ ಬಿಸಿಲಿನ ಅಂಗಳಕ್ಕೆ ಕರೆತಂದಳು. ಕ್ಯಾಮೆರಾ ಸ್ಟೂಲಿನ ಮೇಲೆ ಕುಳಿತಿತು. ಮತ್ತೆ ದೆವ್ವ ಹಿಡಿಯುವುದಕ್ಕಾ ಎಂದು ರೇಡಿಯೋ ಕೇಳಿದ. ಗುಬ್ಬಿ ಉಂಗುರ ತಿರುಗಿಸುತ್ತಿದ್ದಳು.

ತಲೆಯೆತ್ತಿದರೆ, ಏಣಿ ಮುಂದಿನ ಸಾಲಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಮುದುಡಿ ಕುಳಿತಿದ್ದಳು. ಮೊಣಕಾಲುಗಳು ಗಲ್ಲಕ್ಕೆ ತಾಗುತ್ತಿದ್ದವು.

“ಇಲ್ಲಿ ಕೂತ್ರೆ ಸರಿಯಾಗಿ ಬರ್ತೀನಲ್ವಾ?”

“ಬೇಡ. ನೀನು ನಿನ್ನ ಜಾಗದಲ್ಲೇ ನಿಂತ್ಕೋ,” ಎಂದಳು ಗುಬ್ಬಿ. “ನಾನೇ ಅಲ್ಲೀತನಕ ಬರ್ತೀನಿ.”

ಏಣಿ ಎದ್ದು ಹಿಂದೆ ಹೋಗಿ ನೆಟ್ಟಗೆ ನಿಂತಳು. ಯಾರೂ ಅಲುಗಬಾರದೆಂದು ಗುಬ್ಬಿ ಹೇಳಿದಳು. ರೇಡಿಯೋ ಕೂಡ ಬಾಯಿ ಮುಚ್ಚಿದ. ಕ್ಲಿಕ್.

ಪರದೆಯ ಮೇಲೆ ಫೋಟೋ ತೆರೆದುಕೊಂಡಾಗ ಹಿಂದಿನ ಗೋಡೆಯ ಬಿರುಕೂ ಕಾಣುತ್ತಿತ್ತು. ಅದರ ಮುಂದೆ ಏಣಿ ನಗುತ್ತಿದ್ದಳು. ಅವಳ ಎಡಗೆನ್ನೆಯಲ್ಲಿ ಗುಳಿ ಬಿದ್ದಿತ್ತು.

ಒಂದನೇ ತರಗತಿಯಿಂದ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಆ ಗುಳಿಯನ್ನು ಗುಬ್ಬಿ ನೋಡಿಯೇ ಇರಲಿಲ್ಲ.

ಗಂಟೆ ಹೊಡೆಯಿತು. ಗುಬ್ಬಿ ಮೊದಲ ಬೆಂಚಿನ ತನ್ನ ಜಾಗದಲ್ಲಿ ಕುಳಿತಳು. ಪುಸ್ತಕ ತೆರೆಯುವ ಮುನ್ನ, ನಿಧಾನವಾಗಿ ಹಿಂದಕ್ಕೆ ತಿರುಗಿ ಕೊನೆಯ ಬೆಂಚಿನ ತನಕ ನೋಡಿದಳು.